ಗೋಡೆ ಮರೆಯ ನಾಲ್ಕನೆಯವನು

ಹಳೆಯ ಕಂಪ್ಯೂಟರ್ ಡಬ್ಬವನ್ನು ಗುಜರಿಗಾದರೂ ಹಾಕ್ರೀ ಎಂದು ಹೆಂಡತಿ ಮೂರು ಯುಗಾದಿಯಿಂದ ಹೇಳುತ್ತಿದ್ದಳು. ಹೋದ ಭಾನುವಾರ ಸ್ಕ್ರೂ ಬಿಚ್ಚಿದೆ. ಒಳಗಿನ ಫ್ಯಾನಿಗೆ ತೆಂಗಿನ ನಾರಿನ ಧೂಳು ಗಂಟುಗಂಟಾಗಿ ಮೆತ್ತಿಕೊಂಡಿತ್ತು. ಊದಿದರೆ ಹಳೇ ಕೊಬ್ಬರಿಯ ಕಮಟು ವಾಸನೆ... ಕೈ ಅಲ್ಲೇ ನಿಂತಿತು. ಆ ನಾರು ಎದುರು ಮನೆಯ ದೊಡ್ಡಮ್ಮನದು.

ದೊಡ್ಡಮ್ಮ ಅಂದರೆ ರಕ್ತಸಂಬಂಧವೇನಿಲ್ಲ. ಹೊನ್ನವಳ್ಳಿ ಪಕ್ಕದ ನಮ್ಮೂರಿನಲ್ಲಿ ಅಮ್ಮನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದರೆ ಸಾಕು, ದೊಡ್ಡಮ್ಮ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದೊಬ್ಬ ಮಗ ಮಿಲಿಟರಿಯಲ್ಲಿ, ಉತ್ತರದ ಯಾವುದೋ ಬೆಟ್ಟದ ಮೇಲೆ. ನಾನಾಗ ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಅಪ್ಪನ ಸಮಾಧಾನಕ್ಕೆ. ಮನೆಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತು ಯುದ್ಧ ಮಾಡುತ್ತಿದ್ದೆ.

ಢಂ ಢಂ ಅಂತ ಒಬ್ಬನೇ ನೂರು ಜನರನ್ನು ಉರುಳಿಸುವ ಆಟವಲ್ಲ ಅದು. ನಾಲ್ಕು ಸೈನಿಕರ ಒಂದು ತುಕಡಿ. ಅಪ್ಪಣೆ ಕೊಡುವವನು ನಾನು. ಒಬ್ಬ ಗುಂಡು ಹಾರಿಸುತ್ತಿದ್ದರೆ ಇನ್ನೊಬ್ಬ ತೆವಳಬೇಕು, ಗೋಡೆಯಿಂದ ಗೋಡೆಗೆ ಉಸಿರು ಬಿಗಿಹಿಡಿದು ಸಾಗಬೇಕು. ನಿಜದಲ್ಲಿ ಹೇಗೋ ಹಾಗೆ, ಒಂದು ಗುಂಡು ತಗುಲಿತೋ, ಆ ಮನುಷ್ಯ ಮುಗಿದ. ನಿಜಕ್ಕೂ ಆಟಕ್ಕೂ ಇದ್ದ ವ್ಯತ್ಯಾಸ ಒಂದೇ. ಉಳಿಸಿಟ್ಟ ಜಾಗಕ್ಕೆ ವಾಪಸ್ ಹೋಗಲು ಆಟದಲ್ಲಿ ಒಂದು ಕೀ ಇತ್ತು.

ಒಂದು ಮಧ್ಯಾಹ್ನ ಮಜ್ಜಿಗೆ ಕೇಳಲು ಬಂದ ದೊಡ್ಡಮ್ಮ ಪರದೆ ನೋಡಿ ನಿಂತುಬಿಟ್ಟಳು.

"ಅಯ್ಯೋ, ನಮ್ಮುಡ್ಗ ಹಾಕೋ ಟೋಪಿನೇ ಹಾಕವ್ರಲ್ಲೋ!"

"ಇದು ಆಟ ದೊಡ್ಡಮ್ಮ."

"ಆಟ ಅಂತ ನಂಗೂ ಗೊತ್ತು ಕಣ್ಲಾ, ನಾನೇನು ಪೆದ್ದಿಯಾ?"

ಮಾರನೆಯ ದಿನದಿಂದ ಅವಳ ಕೊಬ್ಬರಿ ಕೆಲಸವೆಲ್ಲ ನನ್ನ ಪಕ್ಕಕ್ಕೇ ಬಂತು. ಅಟ್ಟದಲ್ಲಿ ವರ್ಷ ಒಣಗಿದ ಕಾಯಿಯ ಕರಟ ಒಡೆದು, ಒಳಗಿನ ಉಂಡೆಗೆ ಏಟಾಗದಂತೆ ಬಿಡಿಸುವ ಕೆಲಸ. ಟಕ್ ಟಕ್ ಅನ್ನುವ ಮಚ್ಚಿನ ಸದ್ದಿನ ನಡುವೆ ನೂರೆಂಟು ಪ್ರಶ್ನೆ. ಇವರಿಗೆ ಊಟ ಯಾವಾಗ? ಅಷ್ಟು ಚಳಿಯಲ್ಲಿ ಕೈಗೆ ಚೀಲ ಕೊಟ್ಟಿಲ್ಲವೇ? ನಾಲ್ಕನೆಯವನನ್ನು ಅವಳೇ ಆರಿಸಿಕೊಂಡಳು. "ಇವ್ನೇ ನಮ್ಮುಡ್ಗ. ನೋಡು, ಹಂಗೇ ಎಡಕ್ಕೆ ವಾಲ್ಕೊಂಡು ನಡೀತಾನೆ. ಇವನ್ನ ಮುಂದಕ್ಕೆ ಕಳಿಸ್ಬೇಡ ಕಣಪ್ಪ."

ಸರಿ, ಅಂದಿನಿಂದ ನಾಲ್ಕನೆಯವನು ಗೋಡೆಯ ಮರೆಯಲ್ಲಿ ಕೂತ. ಮೂರೇ ಜನರಲ್ಲಿ ಯುದ್ಧ ಗೆಲ್ಲುವುದೆಂದರೆ ನನ್ನ ಪ್ರಾಣ ಹೋಗುತ್ತಿತ್ತು. ಅಷ್ಟಾದರೂ ಒಮ್ಮೊಮ್ಮೆ ಶತ್ರು ಹಿಂದಿನಿಂದ ಬಂದು ಅವನನ್ನೇ ಹೊಡೆದುಬಿಡುತ್ತಿದ್ದ. ದೊಡ್ಡಮ್ಮ ಕರಟದ ಮೇಲೆ ಕಣ್ಣಿಟ್ಟಿರುವಾಗ ನಾನು ಥಟ್ಟನೆ ಆ ಕೀ ಒತ್ತುತ್ತಿದ್ದೆ. ಅವಳು ತಲೆ ಎತ್ತುವಷ್ಟರಲ್ಲಿ ಅವನು ಮತ್ತೆ ಗೋಡೆಯ ಹಿಂದೆ, ಗಟ್ಟಿಮುಟ್ಟಾಗಿ. "ನಿನ್ನ ಕೈಲಿ ಅವ್ನು ಒಂದ್ಸಲನೂ ಬೀಳ್ಲಿಲ್ಲ ನೋಡು," ಎಂದು ಊರೆಲ್ಲ ಹೇಳಿಕೊಂಡು ಬಂದಳು. ನನಗೂ ಒಳಗೊಳಗೇ ಹೆಮ್ಮೆ.

ಆ ವರ್ಷ ಮಗನ ಸರ್ವಿಸ್ ಮುಗಿಯುತ್ತಿತ್ತು. ಬಂದುಬಿಡಲೋ, ಇನ್ನೆರಡು ವರ್ಷ ಇರಲೋ ಎಂದು ತಾಯಿಯನ್ನು ಕೇಳಿದ್ದ. ಅವನಿಗೆ ಇರುವ ಆಸೆ, ಇವಳಿಗೆ ಬರಲಿ ಅನ್ನುವ ಆಸೆ. ದೊಡ್ಡಮ್ಮ ಮನೆದೇವರ ಗುಡಿಗೆ ಹೋಗಿ ಪ್ರಸಾದ ಕೇಳಿದಳು. ಬಲಗಡೆಯ ಹೂ ಬಿದ್ದರೆ ಇರಲಿ, ಎಡಗಡೆಯದು ಬಿದ್ದರೆ ಬರಲಿ. ಬೆಳಗ್ಗೆಯಿಂದ ಕೂತರೂ ಯಾವ ಹೂವೂ ಬೀಳಲಿಲ್ಲ. ಉತ್ತರ ಕೇಳಲು ಮಗ ಫೋನು ಮಾಡುವುದು ಅದೇ ಸಂಜೆ. ಇದೊಂದೂ ನನಗೆ ಗೊತ್ತಿರಲಿಲ್ಲ.

ಗುಡಿಯಿಂದ ನೇರ ನಮ್ಮ ಮನೆಗೆ ಬಂದವಳು, "ಇವತ್ತು ಅವನ್ನ ಮರೇಲಿ ಕೂರಿಸ್ಬೇಡ. ಎಲ್ಲಾರ ಜೊತೆ ಕಳ್ಸು. ವಾಪಸ್ ಬತ್ತಾನಾ ನೋಡಾನ," ಅಂದಳು. ಹೇಳಿದವಳೇ ಗೋಡೆಗೆ ಮುಖ ಮಾಡಿ ಕೂತಳು. ನೋಡಲು ಅವಳಿಗೆ ಧೈರ್ಯವಿರಲಿಲ್ಲ.

ಕಳಿಸಿದೆ. ಬಯಲು ದಾಟುವಾಗ ಬಿದ್ದ. ಕೀ ಒತ್ತಿದೆ. ಮತ್ತೆ ಬಿದ್ದ. ಮೂರನೆಯ ಸಲ ಹೇಗೋ ದಾಟಿ ಬಂದ.

"ಬಂದ್ನೇನಪ್ಪ?"

"ಬಂದ ದೊಡ್ಡಮ್ಮ. ತಿರುಗಿ ನೋಡು, ನಿಂತವ್ನೆ."

ಸಂಜೆ ಕೊಬ್ಬರಿ ಬೆಲ್ಲ ಹಿಡಿದು ಓಡಿಬಂದು ನನ್ನ ಬಾಯಿಗೇ ಇಟ್ಟಳು. "ಇರು ಅಂದ್ಬುಟ್ಟೆ ಕಣಪ್ಪ. ಗುಡೀಲಿ ಹೂವ ಕೊಡ್ದಿದ್ದ ದೇವ್ರು ನಿನ್ನ ಆಟದಾಗೆ ಉತ್ರ ಕೊಟ್ಟ!" ಆಗಲೇ ನನಗೆ ಎಲ್ಲ ಗೊತ್ತಾದದ್ದು. ಆಗಲೂ ಸಮಯವಿತ್ತು. ಮಗ ಇನ್ನೂ ಕಾಗದಕ್ಕೆ ರುಜು ಹಾಕಿರಲಿಲ್ಲ. ಇನ್ನೊಂದು ಫೋನು ಸಾಕಿತ್ತು. ಆದರೆ ಅಷ್ಟು ಖುಷಿಯಾಗಿದ್ದವಳ ಮುಂದೆ ನಾನು ಮೋಸ ಮಾಡಿದೆ ಅನ್ನುವುದು ಹೇಗೆ? ಆಟಕ್ಕೂ ಬಾಳಿಗೂ ಏನು ಸಂಬಂಧ, ಎರಡು ವರ್ಷ ತಾನೇ... ಬೆಲ್ಲ ನುಂಗಿ ಸುಮ್ಮನಾದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಬೆಟ್ಟದ ರಸ್ತೆ ಕುಸಿಯಿತು. ಗುಂಡಲ್ಲ, ಶತ್ರುವಲ್ಲ. ಮಣ್ಣು. ಲಾರಿಯಲ್ಲಿದ್ದ ಯಾರೂ ಉಳಿಯಲಿಲ್ಲ.

ಕರ್ಮವೆಲ್ಲ ಮುಗಿದು ನೆಂಟರು ಹೋದಮೇಲೆ ದೊಡ್ಡಮ್ಮ ಒಬ್ಬಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕೊಬ್ಬರಿ ಇರಲಿಲ್ಲ, ಮಚ್ಚು ಇರಲಿಲ್ಲ.

"ಅವತ್ತು ಅವ್ನು ನಿಜ್ವಾಗ್ಲೂ ಬಂದ್ನೇನಪ್ಪ?"

"ಬಂದ ದೊಡ್ಡಮ್ಮ," ಅಂದೆ.

"ಹಂಗಾರೆ ದೇವ್ರೇ ನಂಗೆ ಸುಳ್ಳು ಹೇಳ್ದ, ಬುಡು."

ಅವತ್ತೇ ದೇವರಗೂಡಿನ ಬಾಗಿಲು ಹಾಕಿದಳು. ಶನಿವಾರದ ಗುಡಿ ನಿಂತಿತು, ಹಬ್ಬದ ದೀಪ ನಿಂತಿತು. ಅಮ್ಮ ಬುದ್ಧಿ ಹೇಳಲು ಹೋದರೆ, "ಸುಳ್ಳು ಹೇಳೋನಿಗೆ ಎಣ್ಣೆ ಯಾಕೆ ದಂಡ ಕಣೇ," ಅಂದಳಂತೆ. ಆಮೇಲೆ ಐದು ವರ್ಷ ಬದುಕಿದ್ದಳು. ಐದು ವರ್ಷವೂ ಎದುರು ಮನೆಯೇ. ದಿನಾ ಬೆಳಗ್ಗೆ "ತಿಂಡಿ ಆಯ್ತೇನಪ್ಪ?" ಎಂದು ಕೇಳುತ್ತಿದ್ದಳು, ನಾನು ಆಯಿತು ಎನ್ನುತ್ತಿದ್ದೆ. ದಾಟಬೇಕಾಗಿದ್ದದ್ದು ಒಂದು ಬೀದಿ. ಅದು ನನ್ನಿಂದ ಆಗಲಿಲ್ಲ.

ಕೊನೆಗಾಲದಲ್ಲಿ ತೀರ್ಥ ಕೊಡಲು ಹೋದರೆ ಬಾಯಿ ಬಿಗಿದುಕೊಂಡಳು. ಬರೀ ನೀರು ಕೊಟ್ಟಾಗ ಕುಡಿದಳು. ಆ ನೀರು ಕೊಟ್ಟವನು ನಾನೇ.

ಡಬ್ಬವನ್ನು ಗುಜರಿಯವನು ನಿನ್ನೆ ತೆಗೆದುಕೊಂಡು ಹೋದ. ಎದುರು ಮನೆಯಲ್ಲಿ ಈಗ ಬೇರೆ ಜನ. ಬಾಗಿಲಲ್ಲಿ ನಿಂತು ಬಹಳ ಹೊತ್ತು ಅತ್ತುಬಿಟ್ಟೆ. ಹೆಂಡತಿ ಏನೆಂದು ಕೇಳಿದಾಗ ಮೊದಲ ಬಾರಿಗೆ ಇದೆಲ್ಲ ಹೇಳಿದೆ. ಮಗ ಹೋದಮೇಲೆ ಬಂದು ಕೇಳಿದಳಲ್ಲ, ಅವತ್ತು ದೊಡ್ಡಮ್ಮನಿಗೇ ಹೇಳಿದ್ದರೆ ಅವಳು ನನ್ನ ಮುಖಕ್ಕೆ ಉಗಿಯುತ್ತಿದ್ದಳು, ನಮ್ಮ ಮನೆಯ ಹೊಸಿಲು ಮತ್ತೆ ತುಳಿಯುತ್ತಿರಲಿಲ್ಲ. ಮಗನಂತೂ ವಾಪಸ್ ಬರುತ್ತಿರಲಿಲ್ಲ. ಆದರೆ ಅವಳಿಗೆ ಅವಳ ದೇವರಾದರೂ ಉಳಿಯುತ್ತಿದ್ದ.