ಮಲ್ಕಪ್ಪ ಕಾಕಾನ ಬಲ ಮೊಣಕಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶ್ರಾವಣದ ಮೊದಲ ಸೋಮವಾರ ಮಠದ ತುಂಬ ಜನ ಕೂತಿದ್ದಾಗ ಮಲ್ಕಪ್ಪ ಕಾಕಾನ ಗಿಟಾರು ಆಡಿನಂತೆ ಒದರಿತಲ್ಲ, ಅದು ನನ್ನ ಕೆಲಸ. ಹೂವಿನ ಹಿಪ್ಪರಗಿಯಲ್ಲಿ ಇವತ್ತಿಗೂ ಕೆಲವರು ಅದನ್ನು ಕರೆಂಟಿನ ದೋಷವೆಂದೇ ನಂಬಿದ್ದಾರೆ. ಕರೆಂಟಿನವರು ಬೈಸಿಕೊಳ್ಳಲು ಬೇರೆ ಕಾರಣಗಳು ಸಾಕಷ್ಟಿವೆ; ಇದೊಂದನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ನಾನು ಮಿಮಿಕ್ರಿ ಮಾಡುವವನು. ಸೀಮಂತ, ನಿವೃತ್ತಿ ಸಮಾರಂಭ, ಕಾಲೇಜಿನ ಗ್ಯಾದರಿಂಗ್, ಎಲ್ಲಿ ಮೈಕು ಕಂಡರೂ ಕೈ ತುರಿಸುತ್ತದೆ. ಕಂಡಕ್ಟರು, ಹೆಡ್ ಮಾಸ್ತರು, ನಮ್ಮಪ್ಪನ ಗೊರಕೆ, ಯಾರನ್ನೂ ಬಿಟ್ಟಿಲ್ಲ. ನಮ್ಮವ್ವ ಹೇಳುವಂತೆ, ಎಲ್ಲರ ದನಿ ತೆಗೆದೂ ತೆಗೆದೂ ನನ್ನ ಸ್ವಂತದ್ದೆಂದು ಈಗ ಉಳಿದಿರುವುದು ಕೆಮ್ಮು ಒಂದೇ.

ಮಲ್ಕಪ್ಪ ಕಾಕಾ ನಮ್ಮ ಮನೆಯ ಬಾಜೂಕಿನವನು. ಬಸ್ ನಿಲ್ದಾಣದ ಎದುರಿಗೆ ಅವನ ಬೈಕ್ ರಿಪೇರಿ ಅಂಗಡಿ. ಅವನ ಅಂಗಡಿಗೆ ಬಂದ ಗಿರಾಕಿ ಏನಾಗಿದೆಯೆಂದು ಹೇಳುವ ಹಾಗಿರಲಿಲ್ಲ. "ನೀ ಸುಮ್ಮ ಕುಂಡ್ರು. ಗಾಡಿ ಹೇಳ್ತೈತಿ" ಎಂದು ಗಾಡಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಿದ್ದ. "ಹೂಂ, ಪಂಚಮದಾಗ ಅಳಾಕತ್ತೈತಿ. ಚೈನ್ ಸಡ್ಲ ಆಗೇತಿ." ಗಿರಾಕಿಗೆ ಪಂಚಮವೆಂದರೆ ಏನೆಂದು ತಿಳಿಯದು, ಆದರೆ ಚೈನು ನಿಜಕ್ಕೂ ಸಡಿಲವಾಗಿರುತ್ತಿತ್ತು. "ಮೊದ್ಲ ಕೇಳು, ಆಮ್ಯಾಲ ಬಿಚ್ಚು" ಎಂಬುದು ಅವನ ಮಾತು. ಮದುವೆಯ ಮಾತುಕತೆಗೂ ಅದನ್ನೇ ಹೇಳುತ್ತಿದ್ದ, ಹಲಸಿನ ಹಣ್ಣಿಗೂ ಅದನ್ನೇ.

ಸೋಮವಾರ ಸಂಜೆ ಮಾತ್ರ ಅಂಗಡಿಗೆ ಬೇಗ ಬಾಗಿಲು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಆಮೇಲೆ ಸಾಬೂನಿನಲ್ಲಿ ಸೀಮೆಎಣ್ಣೆ ತೊಳೆದು, ಬಿಳಿ ಧೋತರ ಉಟ್ಟು ಮಠದ ಭಜನೆಗೆ ಹೊರಡುತ್ತಿದ್ದ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನುಡಿಸುತ್ತಿದ್ದ. ತಂತಿಯ ಮೇಲೆ ಜಾರಿಸಲು ಎಲ್ಲರೂ ಅಂಗಡಿಯಿಂದ ತಂದ ಕಬ್ಬಿಣದ ಸಲಾಕೆ ಬಳಸಿದರೆ, ಇವನದು ಯಾವುದೋ ಹಳೆಯ ಬೈಕಿನ ಪಿಸ್ಟನ್ ಪಿನ್ನು. ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದ. ಭಜನೆಯ ಮುಂದಾಳು ಹಾಡುಗಾರ್ತಿ ಅವನ ಅಕ್ಕ ಸಂಗವ್ವ ಅತ್ತಿ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಗುರುಪಾದಪ್ಪ. ಪೇಟಿಯ ಗಾಳಿಗಿಂತ ಅವನ ಬಾಯಿಯ ಗಾಳಿ ಜೋರು.

ಕಾಕಾನ ತಲೆ ಕೆಡಿಸಿದ್ದೂ ನಾನೇ. ಒಂದು ದಿನ ಮೊಬೈಲಿನಲ್ಲಿ ವಿದೇಶದ ಒಬ್ಬ ಹ್ಯಾಟಿನವನ ವಿಡಿಯೋ ತೋರಿಸಿದೆ. ಮೇಜಿನಂಥ ಗಿಟಾರಿನ ಮುಂದೆ ಖುರ್ಚಿ ಹಾಕಿ ಕೂತು, ಕೆಳಗೆ ಪಾದದಿಂದ ಪೆಡಲ್ ತುಳಿಯುತ್ತ, ಮೊಣಕಾಲಿನಿಂದ ಲಿವರ್ ದೂಡುತ್ತ, ಬೇಕಾದ ತಂತಿಯನ್ನಷ್ಟೇ ಬಿಗಿ ಮಾಡುತ್ತಿದ್ದ, ಸಡಿಲ ಬಿಡುತ್ತಿದ್ದ. ಮೊದಲ ಸಲ ಕಾಕಾ ವಿಡಿಯೋ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಕೇಳಿ, "ಇವಂಗ ನನ್ನ ತ್ರಾಸು ಗೊತ್ತಾಗೇತಿ" ಎಂದ.

"ನಿಂದೇನ್ ತ್ರಾಸು ಕಾಕಾ?"

"ಪಿನ್ನು ಸರಿಸಿದ್ರ ಎಲ್ಲಾ ತಂತಿ ಕುರಿ ಹಿಂಡಿನಂಗ ಒಮ್ಮಿಗೇ ಹೋಗ್ತಾವು. ನನಗ ಒಂದ ಕುರಿ ಸರೀಬೇಕು, ಉಳಿದವು ನಿಂತಲ್ಲೇ ಮೇಯಬೇಕು."

ತಿಂಗಳೊಪ್ಪತ್ತಿನಲ್ಲಿ ಬ್ರೇಕ್ ಕೇಬಲ್, ಕ್ಲಚ್ ಸ್ಪ್ರಿಂಗು, ಹೊಲಿಗೆ ಯಂತ್ರದ ತುಳಿಹಲಗೆ ಎಲ್ಲ ಸೇರಿ ಒಂದು ಗಿಟಾರು ಹುಟ್ಟಿತು. ಅದರ ಮುಂದೆ ಸ್ಟೂಲು ಹಾಕಿ ಕಾಕಾ ಮಠದಲ್ಲಿ ಕೂತ. ಎಲ್ಲರೂ ಜಮಖಾನದ ಮೇಲೆ, ಇವನೊಬ್ಬ ಆಕಾಶದಲ್ಲಿ. ಗುರುಪಾದಪ್ಪ ಪೇಟಿ ಮುಚ್ಚಿದ.

"ಏ ಮಲ್ಕಪ್ಪಾ, ಅಜ್ಜಾರ ಗದ್ದಿಗಿ ಕೆಳಗ, ನೀ ಮ್ಯಾಲ. ಇನ್ನ ನಾವು ಕಾಯಿ ಯಾರ ಮುಂದ ಒಡೀಬೇಕೋ?"

ಕಾಕಾ ಇಳಿದ. ಮರುದಿನ ಗಿಟಾರಿನ ಕಾಲುಗಳನ್ನು ಮೊಳದುದ್ದ ಬಿಟ್ಟು ಕತ್ತರಿಸಿದ. ಚಕ್ಕಳಮಕ್ಕಳ ಹಾಕಿ ಕೂತವನ ಪಾದ ತೊಡೆಯ ಕೆಳಗೆ. ಹಾಗಾಗಿ ಪೆಡಲ್ಲುಗಳು ಹೋದವು. ಉಳಿದದ್ದು ಮೊಣಕಾಲು. ಹ್ಯಾಟಿನವನು ಮೊಣಕಾಲನ್ನು ಎಡಕ್ಕೆ ಬಲಕ್ಕೆ ದೂಡುತ್ತಿದ್ದ. ನೆಲದ ಮೇಲೆ ಕೂತವನ ಮೊಣಕಾಲು ಮೇಲಕ್ಕೆ ಏಳುತ್ತದೆ, ಕೆಳಗಿಳಿಯುತ್ತದೆ, ಅಷ್ಟೇ. ಅಂದರೆ ಎರಡು ಮೊಣಕಾಲಿಗೆ ಎರಡೇ ಲಿವರ್. ಯಾವ ಎರಡು ತಂತಿಗೆ?

ಎಡಗಾಲಿನದು ಸಲೀಸಾಗಿ ತೀರ್ಮಾನವಾಯಿತು: ಗಂಧಾರದ ತಂತಿಯನ್ನು ಕೋಮಲಕ್ಕೆ ಇಳಿಸುವುದು. ಬಲಗಾಲಿನದಕ್ಕೆ ಅಂಗಡಿಯಲ್ಲಿ ದಿನಾ ಪಂಚಾಯಿತಿ. ಪಂಕ್ಚರ್ ಹಾಕಿಸಲು ಬಂದವರೂ ಒಂದೊಂದು ತಂತಿ ತೋರಿಸಿ ಹೋಗುತ್ತಿದ್ದರು. ನಾನಂತೂ ಪಂಚಮದ ತಂತಿಗೆ ಗಂಟು ಬಿದ್ದೆ. "ಕಾಕಾ, ಅದನ್ನ ಸರ್‍ರನೆ ಏರಿಸಿ ಮೊಣಕಾಲು ನಡುಗಿಸಿದಿ ಅಂದ್ರ ಥೇಟ್ ಆಡು! ಜನ ಚಪ್ಪಾಳಿ ಹೊಡದ ಸಾಯ್ತಾರ."

"ದೇವರು ಮೊಣಕಾಲು ಎರಡ ಕೊಟ್ಟಾನ. ಒಂದನ್ನ ನಿನ್ನ ಆಡಿಗೆ ಕೊಡಾಕ ಆಗೂದಿಲ್ಲ" ಎಂದು ಕಾಕಾ ಬಲಗಾಲಿನ ಕೇಬಲನ್ನು ಎಲ್ಲಕ್ಕಿಂತ ಮೇಲಿನ ಸಾ ತಂತಿಗೆ ಕಟ್ಟಿದ. ಮೊಣಕಾಲೆತ್ತಿದರೆ ಅದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಇಳಿದದ್ದು ನಿ ಅಲ್ಲ, ಸಾ ಕೂಡ ಅಲ್ಲ. ಇಷ್ಟು ಕಷ್ಟಪಟ್ಟು ಬೇಸೂರು ಮಾಡಿಕೊಳ್ಳುವವನನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಯಾಕೆಂದು ಕೇಳಿದರೆ, "ಶ್ರಾವಣ ಬರ್ತೈತಿ" ಎಂದ.

ಶ್ರಾವಣದ ಮಾತು ಊರಿಗೆಲ್ಲ ಗೊತ್ತಿತ್ತು. "ಸಂಗಕ್ಕನ ದನಿ ಮ್ಯಾಲ ಹತ್ತವಲ್ದು. ಶ್ರಾವಣದಾಗ ಹಿಂಗ ಆದ್ರ ಬಾಗೇವಾಡಿಯಿಂದ ಬ್ಯಾರೇ ಹಾಡಾಕಿನ್ನ ಕರಸೂಣು" ಎಂದು ಗುರುಪಾದಪ್ಪ ಹೇಳಿಕೊಂಡು ತಿರುಗುತ್ತಿದ್ದ. ಮೂವತ್ತು ವರ್ಷಗಳಿಂದ ಆ ಗದ್ದಿಗೆಯ ಮುಂದೆ ಮೊದಲ ದನಿ ಸಂಗವ್ವ ಅತ್ತಿಯದೇ. ಗಂಡ ತೀರಿಕೊಂಡ ವಾರವೂ ಆಕೆ ಸೋಮವಾರ ತಪ್ಪಿಸಿರಲಿಲ್ಲ.

ಮೊದಲ ಸೋಮವಾರದ ಹಿಂದಿನ ದಿನ ಕಾಕಾ ನೆಂಟರ ಮದುವೆ ನಿಶ್ಚಯಕ್ಕೆಂದು ಇಂಡಿಗೆ ಹೋದ. ನನಗೆ ಮುದ್ದೇಬಿಹಾಳದಲ್ಲಿ ಕಾರ್ಯಕ್ರಮವಿತ್ತು. ಆಡು ಕರೆಯಿತು. ಅವನ ಗಿಟಾರಿನ ಬಲಗಾಲಿನ ಕೇಬಲ್ ಬಿಚ್ಚಿ ಪಂಚಮಕ್ಕೆ ಕಟ್ಟಿ, ಲಿವರ್ ಅಳತೆ ಮೀರದಂತೆ ತಡೆಯುವ ಸ್ಕ್ರೂ ಸಡಿಲಿಸಿ, ಮೊಣಕಾಲು ನಡುಗಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೊದಲಿನಂತೆ ಕಟ್ಟಬೇಕೆಂಬುದು ನೆನಪಿತ್ತು. ಮೊದಲು ಹೇಗಿತ್ತೆಂಬುದು ನೆನಪಿರಲಿಲ್ಲ. ಅಂದಾಜಿನ ಮೇಲೆ ಎರಡು ಗಂಟು ಹಾಕಿದೆ. ಸೋಮವಾರ ಕಾಕಾ ಬಸ್ಸಿಳಿದು ನೇರ ಮಠಕ್ಕೆ ಬಂದ. ಗಿಟಾರನ್ನು ಹೊತ್ತು ತಂದು, ಮೈಕಿಗೆ ಜೋಡಿಸಿ ಅವನ ಮುಂದೆ ಇಟ್ಟವನು ನಾನೇ.

ಸಂಗವ್ವ ಅತ್ತಿ ಕೊನೆಯ ಸಾಲಿಗೆ ಬಂದಳು. ಸಾ ಹಿಡಿಯಲು ಕತ್ತೆತ್ತಿದಳು. ಕಾಕಾ ಕಣ್ಣು ಮುಚ್ಚಿ ಬಲ ಮೊಣಕಾಲನ್ನು ಮೆಲ್ಲಗೆ ಎತ್ತಿದ, ಭಕ್ತಿಯಿಂದ ತುಸು ನಡುಗಿಸಿದ.

ಮ್ಯಾ... ಹ್ಯಾ ಹ್ಯಾ ಹ್ಯಾ.

ಮಠವೇ ನಕ್ಕಿತು. ಗುರುಪಾದಪ್ಪ ಎದ್ದು ನಿಂತು, "ಮಲ್ಕಪ್ಪಾ, ಇದೇನು ಭಜನಿಯೋ, ಸಂತಿಯೋ?" ಎಂದ. ಕಾಕಾ ಕಣ್ಣು ಬಿಟ್ಟು ಮೊದಲು ಕೇಬಲ್ ನೋಡಿದ, ಆಮೇಲೆ ನನ್ನನ್ನು. "ಕರೆಂಟ್ ಹೆಚ್ಚು ಕಡಿಮಿ ಆತ್ರಿ" ಎಂದ. ಸಂಗವ್ವ ಅತ್ತಿ ಮಾತ್ರ ನಗಲಿಲ್ಲ. ತಾಳ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಮರುದಿನ ಬೈಸಿಕೊಳ್ಳಲು ಸಿದ್ಧನಾಗಿ ಅಂಗಡಿಗೆ ಹೋದೆ. ಕಾಕಾ ಬೈಯಲಿಲ್ಲ. "ಕುಂಡ್ರು. ಸಂಗಕ್ಕನ್ನ ಮಾಡ್ತೀಯಲ್ಲ, ಮಾಡು. ಕೊನೀ ಸಾಲು."

ಅದು ನನ್ನ ಹಳೆಯ ಐಟಂ. ಕತ್ತೆತ್ತಿ, ಕಣ್ಣು ಕಿರಿದು ಮಾಡಿ ಹಾಡಿದೆ. ಸಾ ಹತ್ತಿರ ಬಂತು, ಹೊಸ್ತಿಲ ತನಕ ಹೋಯಿತು, ಒಂದು ಕೂದಲೆಳೆ ಕೆಳಗೆ ಜಾರಿ ನಿಂತಿತು. ಅಲ್ಲೇ ಯಾವಾಗಲೂ ಜನ ನಗುವುದು. ಅಂಗಡಿಯಲ್ಲಿ ಯಾರೂ ನಗಲಿಲ್ಲ, ಇದ್ದವರೇ ಇಬ್ಬರು. ಕಾಕಾ ಮೇಲಿನ ತಂತಿ ಮೀಟಿ ಸ್ಕ್ರೂ ತಿರುಗಿಸುತ್ತ ಬಂದ. ನಾನು ಜಾರಿದಲ್ಲಿಗೇ ಸರಿಯಾಗಿ ತಂತಿಯೂ ಬಂದು ನಿಂತಿತು. ಎರಡೂ ಕೂಡಿದಾಗ ಅದು ಬೇಸೂರು ಅನ್ನಿಸಲೇ ಇಲ್ಲ.

"ಈಗ ತಿಳೀತೇನು, ಬಲಗಾಲು ಯಾಕಂತ? ಆಕಿ ಎಲ್ಲಿ ನಿಲ್ತಾಳೋ ಅಲ್ಲಿ ನಾನೂ ಹೋಗಿ ನಿಲ್ತೇನಿ."

ನನಗೆ ಇನ್ನೊಂದೂ ತಿಳಿಯಿತು. ಆ ಜಾರುವಿಕೆ ಊರಿನವರ ಕಿವಿಗೆ ಬಿದ್ದದ್ದೇ ನನ್ನ ಬಾಯಿಯಿಂದ. ಗುರುಪಾದಪ್ಪ ಮೊದಲ ಸಲ ನಕ್ಕದ್ದೂ ನನ್ನ ಐಟಂ ಕೇಳಿಯೇ. ತಲೆ ತಗ್ಗಿಸಿದೆ.

"ತಪ್ಪು ಹಿಡಿಯಾಕ ನಿನ್ನ ಕಿವಿ ಭಾಳ ಚಲೋ ಐತಿ" ಎಂದ ಕಾಕಾ. "ಬಾಯಿ ಮಾತ್ರ ಅಷ್ಟ ಚಲೋ ಇಲ್ಲ. ಹೂಂ, ಮತ್ತೊಮ್ಮೆ ಹಾಡು."

ಆ ವಾರವೆಲ್ಲ ನಾನು ಸಂಗವ್ವ ಅತ್ತಿಯಾಗಿದ್ದೆ. ದಣಿದ ಸಂಗವ್ವ ಅತ್ತಿ, ನೆಗಡಿಯ ಸಂಗವ್ವ ಅತ್ತಿ, ಉಪವಾಸದ ಸಂಗವ್ವ ಅತ್ತಿ. ಎಷ್ಟು ಜಾರಿದರೆ ಮೊಣಕಾಲು ಎಷ್ಟು ಏಳಬೇಕೆಂದು ಕಾಕಾ ಒಂದೊಂದಕ್ಕೂ ಅಳತೆ ತೆಗೆದುಕೊಂಡ. ಗಿರಾಕಿಗಳು ಬಂದರೆ ನಾನು ಚಹಾ ಕುಡಿಯುವವನಂತೆ ಕೂಡುತ್ತಿದ್ದೆ. "ಪೇಟಿ ಇಳಿಯೂದಿಲ್ಲಲ್ಲ ಕಾಕಾ, ಗುರುಪಾದಪ್ಪ ಹಿಡೀತಾನ" ಎಂದು ಹೆದರಿದರೆ, "ಪೇಟಿಗೆ ಮೈಕಿಲ್ಲ, ನನಗೈತಿ" ಎಂದು ಮೀಸೆಯಲ್ಲೇ ನಕ್ಕ.

ಎರಡನೆಯ ಸೋಮವಾರ ಅಕ್ಕ ಜಾರಿದಳು, ತಮ್ಮ ಇಳಿದ, ಇಬ್ಬರೂ ಒಂದೇ ಕಡೆ ನಿಂತರು. ಗುರುಪಾದಪ್ಪನ ಪೇಟಿಯೊಂದೇ ಮೇಲೆ ಉಳಿಯಿತು. ಅವನು ಪೇಟಿಗೆ ಕಿವಿ ಹಚ್ಚಿ ಕೇಳಿದ, ಅದರ ಬಿಳಿ ಕರಿ ಮನೆಗಳನ್ನು ಒತ್ತಿ ಒತ್ತಿ ನೋಡಿದ. ಮೂರನೆಯ ಸೋಮವಾರ ಪೇಟಿ ಇರಲಿಲ್ಲ. ಸುರ ಏರಿದೆಯೆಂದು ಸಿಂದಗಿಗೆ ರಿಪೇರಿಗೆ ಕೊಟ್ಟಿದ್ದನಂತೆ. ಪೇಟಿಗೆ ಏನೂ ಆಗಿಲ್ಲವೆಂದು ಅವರು ವಾಪಸು ಕೊಟ್ಟಾಗ ಶ್ರಾವಣ ಮುಗಿದಿತ್ತು. ಬಾಗೇವಾಡಿಯ ಹಾಡುಗಾರ್ತಿಯ ಮಾತು ಮತ್ತೆ ಏಳಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಮುಂಜಾನೆ ಅಂಗಡಿ ತೆರೆದು, ಒಂದು ಗಾಡಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳುತ್ತ ಕೂತವನು ಹಾಗೇ ಗೋಡೆಗೆ ಒರಗಿದ. ಗಾಡಿಯವನು ಬಹಳ ಹೊತ್ತು ಕಾದನಂತೆ, ಕಾಕಾ ಕೇಳುತ್ತಿದ್ದಾನೆಂದೇ ತಿಳಿದು.

ಗಿಟಾರು ನನ್ನ ಪಾಲಿಗೆ ಬಂತು. ತಿಂಗಳುಗಟ್ಟಲೆ ಕಲಿತು, ಮೊನ್ನೆ ಸೋಮವಾರ ಮಠದಲ್ಲಿ ಕಾಕಾನ ಜಾಗದಲ್ಲಿ ಕೂತೆ. ಕೊನೆಯ ಸಾಲು ಬಂತು. ಅತ್ತಿ ಕತ್ತೆತ್ತಿದ ಕೂಡಲೇ ಬಲ ಮೊಣಕಾಲು ಎತ್ತಿದೆ. ಒಂದೇ ಸಲಕ್ಕೆ, ಪೂರ್ತಿ. ಅತ್ತಿ ಹಾಡು ನಿಲ್ಲಿಸಿದಳು. ಆಕೆಗೆ ಏನೂ ಗೊತ್ತಿಲ್ಲವೆಂದು ನಾನೂ ಕಾಕಾನೂ ಇಷ್ಟು ವರ್ಷ ನಂಬಿದ್ದೆವು. ನನ್ನ ಕಡೆ ಹೊರಳಿ, ಗುರುಪಾದಪ್ಪನಿಗೂ ಕೇಳುವ ಹಾಗೆ ಹೇಳಿದಳು:

"ನಿಮ್ಮ ಕಾಕಾ ನಾ ಜಾರಿದ ಮ್ಯಾಲ ಇಳೀತಿದ್ದ. ನೀ ನಾ ಜಾರೂಕಿಂತ ಮೊದ್ಲ ಇಳದು ದಾರಿ ಕಾಯಾಕತ್ತೀಯಲ್ಲೋ, ಭಾಡ್ಯಾ! ಮೊದ್ಲ ನನಗ ಜಾರಾಕ ಬಿಡು."