ಫೋಟೋದಣ್ಣನ ಒಂಬತ್ತು ಸಂಜೆ

ನಾನು ಲವಂಗ ಇಡುವ ಡಬ್ಬಿಯ ಮುಚ್ಚಳ ತೆಗೆದರೆ ಘಾಟಿನ ಅಡಿಯಲ್ಲಿ ಈಗಲೂ ಒಂದು ಹುಳಿ ವಾಸನೆ ಇದೆ, ಫೋಟೋ ತೊಳೆಯುವ ಔಷಧಿಯದು. ಹಿಂದೆ ಕ್ಯಾಮೆರಾ ರೀಲು ಬರುತ್ತಿದ್ದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಅದು. "ಎಸೀರಿ ಅತ್ತಿ, ಸ್ಟೀಲಿಂದು ಕೊಡ್ತೀನಿ" ಅನ್ನುತ್ತಾಳೆ ಸೊಸೆ. ಎಸೆಯುವುದಿಲ್ಲ. ಮೊನ್ನೆ ಅದನ್ನು ತೆಗೆದವಳಿಗೆ ಸಿಟ್ಟು ಬಂತು, ಇಷ್ಟು ವರ್ಷವಾದ ಮೇಲೂ...

ಕೊಟ್ಟೂರಿನ ನಮ್ಮ ಮನೆಯೆದುರು ಒಂದೇ ಕೋಣೆಯ ಸ್ಟುಡಿಯೋ ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಾನು ಫೋಟೋದಣ್ಣ ಎನ್ನುತ್ತಿದ್ದೆ. ಊರಿನವರು ಹೆಣದ ಫೋಟೋದವ ಎನ್ನುತ್ತಿದ್ದರು. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮಣ್ಣಿಗೆ ಒಯ್ಯುವ ಮುಂಚೆ ಒಂದು ಪಟ ತೆಗೆಸುತ್ತಾರೆ. ಅದಕ್ಕೆ ಅವರು ಬೇಕು, ಮದುವೆಗೆ ಬೇಡ. ಅಪಶಕುನವಂತೆ, ನಾನ್ಸೆನ್ಸ್. ಒಂದು ರೀಲಿನಲ್ಲಿ ಮೂವತ್ತಾರು ಪಟ. ಹೆಣಕ್ಕೆ ಎರಡೋ ಮೂರೋ ಸಾಕು. ಉಳಿದದ್ದರಲ್ಲಿ ಫೋಟೋದಣ್ಣ ಆಕಾಶ ತೆಗೆಯುತ್ತಿದ್ದರು.

ನಮ್ಮ ಮಾಳಿಗೆಯೇ ಅವರ ಜಾಗ. "ಅಕ್ಕಾರ, ಅಂಗಳದ ಲೈಟ್ ಒಂದ್ ತಾಸು ಆರಿಸ್ತೀರೇನ್ರಿ?" ಎಂದು ಕೆಳಗಿನಿಂದ ಕೇಳಿ ಮೇಲೆ ಹತ್ತುತ್ತಿದ್ದರು. ಕ್ಯಾಮೆರಾದ ಇಂಗ್ಲಿಷ್ ಬುಕ್‌ಲೆಟ್ ಓದಿ ಹೇಳುವುದು ನನ್ನ ಕೆಲಸ. ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷ್ ಈ ಮನೆಯಲ್ಲಿ ಬೇರೆ ಯಾವುದಕ್ಕೂ ಬೇಕಾಗಿರಲಿಲ್ಲ. ನಕ್ಷತ್ರಕ್ಕೆ ಲೆನ್ಸನ್ನು ಇನ್ಫಿನಿಟಿಯವರೆಗೆ ತಿರುಗಿಸಬೇಕೆಂದು ಓದಿದೆ. ಹಂಗಂದ್ರೇನ್ರಿ ಎಂದರು. ಕೊನೆಯೇ ಇಲ್ಲದ್ದು ಎಂದೆ. ಅವರು ಲೆನ್ಸಿನ ಮೇಲಿನ ಗುರುತಿಗೆ ಬೆರಳಿಟ್ಟರು.

"ಕೊನಿ ಇಲ್ಲದ್ದಕ್ಕ ಇಲ್ಲಿ ಗೆರಿ ಹಾಕ್ಯಾರಲ್ರಿ. ಭಾಳ ಶ್ಯಾಣ್ಯಾರದಾರ ಬಿಡ್ರಿ."

ಬಾಲಚುಕ್ಕಿ ಬಂದ ವರ್ಷ ನಮ್ಮತ್ತೆ ತೀರಿಕೊಂಡರು. ಫೋಟೋದಣ್ಣ ಬಂದು ಪಟ ತೆಗೆದರು. ಅದೇ ವಾರ, ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ ಆ ಚುಕ್ಕಿ ಬರಿಗಣ್ಣಿಗೇ ಕಾಣುತ್ತಿತ್ತು, ಯಾರೋ ಹಿಟ್ಟಿನ ಬೆರಳು ಎಳೆದಂತೆ. ಸಾವಿನ ಮನೆಯ ಮಾಳಿಗೆ ಹತ್ತುವಂತಿರಲಿಲ್ಲ, ಅದಕ್ಕೆ ಫೋಟೋದಣ್ಣ ದಿನಾ ಸಂಜೆ ಸೈಕಲ್ಲಿನಲ್ಲಿ ಹಡಗಲಿ ರಸ್ತೆಯ ಹೊಲಕ್ಕೆ ಹೋದರು. ಒಂಬತ್ತು ಸಂಜೆ. ಮತ್ತೆ ಬರಲು ಅದಕ್ಕೆ ಸಾವಿರಾರು ವರ್ಷ ಬೇಕೆಂದು ಪೇಪರಿನಲ್ಲಿ ಓದಿ ಹೇಳಿದವಳು ನಾನೇ. ರೀಲು ಮುಗಿಯುವ ತನಕ ಅತ್ತೆಯ ಪಟವೂ ಕ್ಯಾಮೆರಾದಲ್ಲೇ ಉಳಿಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಪಟ ಇಡಬೇಕಿತ್ತು. ಮನೆಯ ಯಜಮಾನರಾದ ನನ್ನ ಭಾವ, ಗಂಡನ ಅಣ್ಣ, ಹಲ್ಲು ಕಡಿಯುತ್ತಿದ್ದರು.

ಹತ್ತನೆಯ ದಿನ ಬೆಳಿಗ್ಗೆ ಫೋಟೋದಣ್ಣ ರೀಲು ತೊಳೆದು ತಂದರು. ಇನ್ನೂ ಪ್ರಿಂಟ್ ಹಾಕಿರಲಿಲ್ಲ. ತುಂಡು ಮಾಡದೆ ಹಾಗೇ ತನ್ನಿ, ಬಾಲ ದಿನದಿನ ಹೇಗೆ ಸರಿಯಿತೆಂದು ಸಾಲಾಗಿ ನೋಡಬೇಕು ಎಂದು ಹೇಳಿಕಳಿಸಿದ್ದೆ. ಅದೊಂದು ಆಸೆ ನನಗೇಕೆ ಬಂತೋ... ಪಡಸಾಲೆಯ ಬಾಗಿಲ ಬೆಳಕಿಗೆ ಹಿಡಿದೆ. ನೆಗೆಟಿವ್ ಅಲ್ಲವೇ, ಬೆಳ್ಳಗಿನದೆಲ್ಲ ಕಪ್ಪು. ಮೊದಲು ಅತ್ತೆ, ಮುಖ ಕಪ್ಪು, ನರೆತ ಕೂದಲೂ ಕಪ್ಪು. ಆಮೇಲೆ ತಿಳಿಯಾದ ಆಕಾಶ, ಅದರಲ್ಲಿ ಮಸಿ ಒರೆಸಿದಂತೆ ಚುಕ್ಕಿ. ಹಿಂದಿನಿಂದ ಭಾವ ಬಂದದ್ದು ತಿಳಿಯಲಿಲ್ಲ.

"ಅವ್ವನ ಬೆನ್ನಿಗೆ ಬಾಲದ ಚುಕ್ಕಿ ಕಟ್ಟೀಯೇನಲೇ? ಮನಿ ಉಳಿಬೇಕೋ ಬ್ಯಾಡೋ?"

"ಅವ್ವಾರದು ಕತ್ತರಿಸಿ ಕೊಡ್ತೀನ್ರಿ ಸಾವ್ಕಾರ್ರ. ಉಳಿದದ್ದು ನಂದ್ರಿ."

"ನಮ್ಮ ಹೆಣಕ್ಕ ತಂದ ರೀಲು ನಿಂದ್ ಹೆಂಗಾತು?"

ಫೋಟೋದಣ್ಣ ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು, ಕೊಟ್ಟರೆ ಅಲ್ಲೇ ಕತ್ತರಿಸುತ್ತೇನೆ ಎನ್ನುವಂತೆ. ಭಾವ ನನ್ನತ್ತ ತಿರುಗಿ, "ಇದು ನಿನಗ ಗೊತ್ತಿತ್ತೇನು?" ಎಂದರು.

ಫೋಟೋದಣ್ಣ ನನ್ನನ್ನು ನೋಡಿದರು.

"ಇಲ್ರಿ" ಎಂದೆ.

ಆನೆಸ್ಟಿ ಎಂಬ ವಿಷಯದ ಮೇಲೆ ಮಾತಾಡಿ ಎಲೊಕ್ಯೂಷನ್ ಪ್ರೈಜ್ ಗೆದ್ದವಳು ನಾನು. ಭಾವ ರೀಲನ್ನು ನನ್ನ ಕೈಯಿಂದ ಕಿತ್ತುಕೊಂಡು ಬಚ್ಚಲಿನ ಹಂಡೆಯ ಒಲೆಗೆ ತುರುಕಿದರು, ತಮ್ಮ ತಾಯಿಯ ಸಮೇತ. ರೀಲು ತಂದಿದ್ದ ಕಪ್ಪು ಡಬ್ಬಿ ಮಾತ್ರ ನನ್ನ ಹತ್ತಿರ ಉಳಿಯಿತು. ಸುಟ್ಟ ಪ್ಲಾಸ್ಟಿಕ್ಕಿನ ನಾತ ಸಂಜೆಯವರೆಗೂ ಹೋಗಲಿಲ್ಲ. ಕಾರ್ಯಕ್ಕೆ ಪಟ ಬೇಕಲ್ಲ, ವೋಟರ್ ಕಾರ್ಡಿನ ಫೋಟೋವನ್ನೇ ಹೊಸಪೇಟೆಯಲ್ಲಿ ದೊಡ್ಡದು ಮಾಡಿಸಿ ತಂದರು. ಅದರಲ್ಲಿ ಅತ್ತೆ ಯಾರೋ ಬೈದಂತೆ ಕೂತಿದ್ದಾರೆ.

ಅವತ್ತಿನಿಂದ ಯಾರೂ ನಮ್ಮ ಲೈಟ್ ಆರಿಸಲು ಕೇಳಲಿಲ್ಲ. ಎದುರುಬದುರಾದಾಗ ಫೋಟೋದಣ್ಣ "ಆರಾಮ ಅದೀರೇನ್ರಿ" ಎಂದು ಕೇಳಿ ಹೋಗುತ್ತಿದ್ದರು. ಅವರು ಬೈದಿದ್ದರೆ ನನಗೆ ಇಷ್ಟು ವರ್ಷ ಉರಿಯುತ್ತಿರಲಿಲ್ಲವೇನೋ... ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅವರು ತೀರಿಕೊಂಡೂ ಬಹಳ ವರ್ಷವಾಯಿತು.

ಈಗ ಮಾಳಿಗೆ ಹತ್ತಿದರೆ ಸರ್ಕಲ್ಲಿನ ಹೈಮಾಸ್ಟ್ ದೀಪ ಕಣ್ಣಿಗೆ ಚುಚ್ಚುತ್ತದೆ. ಹಡಗಲಿ ದಿಕ್ಕಿಗೆ ಗಾಳಿಯಂತ್ರದ ಕೆಂಪು ದೀಪಗಳು ರಾತ್ರಿಯೆಲ್ಲ ಪಿಳಿಪಿಳಿ ಎನ್ನುತ್ತವೆ. ಡೆವಲಪ್‌ಮೆಂಟ್ ಅಂತೆ. ಮೊಮ್ಮಗಳು ದೊಡ್ಡ ಕ್ಯಾಮೆರಾ ಹೊತ್ತು, ಕತ್ತಲು ಹುಡುಕಿಕೊಂಡು ಉಚ್ಚಂಗಿದುರ್ಗದ ತನಕ ಹೋಗುತ್ತಾಳೆ. ನಮ್ಮ ತಲೆಯ ಮೇಲೇ ಇದ್ದ ಕತ್ತಲು.

ಭಾವನಿಗೆ ಈಗ ತೊಂಬತ್ತರ ಹತ್ತಿರ. ಮೊನ್ನೆ ಪಡಸಾಲೆಯಲ್ಲಿ ಅವರೊಬ್ಬರೇ ಕೂತಿದ್ದಾಗ ಎದುರು ನಿಂತು ಹೇಳಿಬಿಟ್ಟೆ. "ಭಾವಾರ, ಅವತ್ತು ಆ ರೀಲು ತರಿಸಿದಾಕಿ ನಾನ. ನೀವು ಕೇಳಿದಾಗ ಸುಳ್ಳು ಹೇಳಿದೆ. ನೀವು ಅದನ್ನ ಸುಡಬಾರದಿತ್ತು."

ಅವರು ಕಿವಿಯ ಹಿಂದೆ ಕೈ ಇಟ್ಟು ನನ್ನತ್ತ ಬಾಗಿದರು.

"ಯಾವ ರೀಲು?" ಎಂದರು. "ಚಾ ಆತೇನು?"

ಅವರಿಗೆ ನೆನಪೇ ಇಲ್ಲ. ಜಗಳವಾಡಲು ಕೂಡ ಯಾರೂ ಉಳಿದಿಲ್ಲ. ಆ ರೀಲಿನ ಒಂಬತ್ತು ಸಂಜೆಗಳನ್ನು ನೋಡಿದವಳು ಈಗ ನಾನೊಬ್ಬಳೇ. ಅದೂ ಐದನೆಯದರ ತನಕ. ಉಳಿದ ನಾಲ್ಕು ನೋಡುವ ಮೊದಲೇ ಕಿತ್ತುಕೊಂಡಿದ್ದರು.