ಮರೀಸಾಳ ಮೇಣ

ಸಾಂತೆ ಅಂಕಲ್ ಮೇಣ ಅಗಿಯುತ್ತಿದ್ದರು. ಜೇನುಮೇಣದ ಒಂದು ಚೂರನ್ನು ಮುಂಬಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಮರೆತ ಹೆಸರನ್ನು ನೆನಪಿಸಿಕೊಳ್ಳುವವರ ಹಾಗೆ ಮೆಲ್ಲಗೆ ಅಗಿದು, ಕೊನೆಗೆ “ಇದಲ್ಲ” ಎಂದು ಕಾಗದಕ್ಕೆ ಉಗಿಯುತ್ತಿದ್ದರು. ಸಿಂಗಪುರದ ಸೆರಂಗೂನಿನಲ್ಲಿ ಅವರ ಮನೆ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿತ್ತು. ಮೊದಲ ಸಲ ನೋಡಿದಾಗ ಮುದುಕರಿಗೆ ಅರಳುಮರಳು ಎಂದುಕೊಂಡಿದ್ದೆ.

ಇಟಲಿಯ ಗುಡ್ಡದ ಮೇಲಿನ ಅವರ ಊರಿನಲ್ಲಿ ಮನೆಮನೆಯಲ್ಲೂ ಅಕಾರ್ಡಿಯನ್ ಕೆಲಸವಂತೆ. ಒಬ್ಬರು ಪೆಟ್ಟಿಗೆ ಮಾಡಿದರೆ ಇನ್ನೊಬ್ಬರು ತಿದಿ ಮಡಿಸುವವರು. ಸಾಂತೆ ಅಂಕಲ್ ಸ್ವರ ನುಡಿಯುವ ಲೋಹದ ಪಟ್ಟಿಗಳನ್ನು, ಅಂದರೆ ರೀಡ್‌ಗಳನ್ನು, ಉಜ್ಜಿ ಉಜ್ಜಿ ಶ್ರುತಿ ಮಾಡುವವರು. ಆ ರೀಡ್‌ಗಳನ್ನು ಮರದ ಪಟ್ಟಿಗೆ ಅಂಟಿಸಲು ಜೇನುಮೇಣಕ್ಕೆ ಪೈನ್ ಮರದ ರಾಳ ಬೆರೆಸಿ, ಬಿಸಿಯಾಗಿ ಸುರಿಯಬೇಕು. ಅದು ಹೆಂಗಸರು ಅಡುಗೆಮನೆಯಲ್ಲಿ ಮಾಡುವ ಕೆಲಸ. ಅವರ ಹೆಂಡತಿ ಮರೀಸಾ ಜೀವಮಾನವಿಡೀ ಅದನ್ನು ಮಾಡಿದಳು. ರಾಳ ಎಷ್ಟು ಹಾಕುತ್ತೀ ಎಂದು ಗಂಡ ಒಮ್ಮೆಯೂ ಕೇಳಲಿಲ್ಲ; ಈಗ ಆ ಹದವನ್ನು ಅಗಿದು ಅಗಿದು ಹುಡುಕುತ್ತಿದ್ದರು. ಅವಳು ತೀರಿಕೊಂಡ ಮೇಲೆ, ಇಲ್ಲಿ ಕೆಲಸದಲ್ಲಿದ್ದ ಮಗಳು ಪಾವ್ಲಾ ಅಪ್ಪನನ್ನು ಕರೆಸಿಕೊಂಡಳು. ಗಂಡಹೆಂಡತಿ ಸೇರಿ ಮಾಡಿದ ಕೊನೆಯ ಅಕಾರ್ಡಿಯನ್ ಅವರ ಜೊತೆ ಬಂತು.

ಮರೀಸಾಳ ಮೇಣ ಆ ಊರಿನ ತಂಪಿಗೆ ಹದ ಮಾಡಿದ್ದು. ಸಿಂಗಪುರದ ಸೆಕೆಗೆ ಅದು ಕರಗಿದರೆ ರೀಡ್‌ಗಳು ಉದುರುತ್ತವೆ. ಅದಕ್ಕೇ ಅಕಾರ್ಡಿಯನ್ನಿಗೆ ಹಗಲಿರುಳು ಏಸಿ ಹಾಕಿದ ಕೋಣೆ. ಅಂಕಲ್ ಮಾತ್ರ ಬನಿಯನ್ ತೊಟ್ಟು ಕಾರಿಡಾರಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂರುತ್ತಿದ್ದರು.

“ಒಳಗೆ ಕೂತ್ಕೊಳ್ಳಿ ಅಂಕಲ್, ತಂಪಿದೆಯಲ್ಲ” ಎಂದರೆ, “ಬಾಗಿಲು ತೆಗೆದಾಗೆಲ್ಲ ಸೆಕೆ ಒಳಗೆ ಹೋಗತ್ತೆ ಸುಧಾ. ನನಗೆ ಅಡ್ಜಸ್ಟ್ ಆಗತ್ತೆ. ಅವಳಿಗೆ ಆಗಲ್ಲ” ಎನ್ನುತ್ತಿದ್ದರು. ಅವರಾಡುತ್ತಿದ್ದದ್ದು ಹರಕು ಇಂಗ್ಲಿಷ್. ನನ್ನ ಕಿವಿಯಲ್ಲಿ ಅದೆಲ್ಲ ಹೇಗೋ ಕನ್ನಡವಾಗಿ ಉಳಿದುಬಿಟ್ಟಿದೆ.

ಸಂಜೆ ಒಮ್ಮೊಮ್ಮೆ ಆ ಕೋಣೆಯೊಳಗೆ ಕೂತು ನುಡಿಸುತ್ತಿದ್ದರು. ಆ ನಾದ ಬಟ್ಟೆ ಒಣಹಾಕಿದ ಬಿದಿರು ಕೋಲುಗಳ ನಡುವೆ ನುಸುಳಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಒಗ್ಗರಣೆ ಸೀದುಹೋಗುವವರೆಗೂ ನಾನು ಮೈಮರೆತು ನಿಂತದ್ದಿದೆ. ಆದರೂ ಶನಿವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುವವಳು ನಾನು. ಸುಮ್ಮನಿರಲಾಗದೆ ಒಮ್ಮೆ ಹೇಳಿಯೇಬಿಟ್ಟೆ. “ಅಂಕಲ್, ಒಂದು ಸ್ವರದ ಮನೆ ಒತ್ತಿದ್ರೆ ಎರಡು ರೀಡ್ ನುಡಿಯತ್ತೆ. ಎರಡಕ್ಕೂ ಶ್ರುತಿ ಸೇರಿಲ್ಲ.”

ಅವರು ನಕ್ಕರು. “ಬೇಕಂತಲೇ ಸೇರಿಸಿಲ್ಲ. ಪೂರ್ತಿ ಸೇರಿದ್ರೆ ಒಂದೇ ಥರ ಕೇಳಿಸತ್ತೆ. ಕೂದಲೆಳೆಯಷ್ಟು ಜಗಳ ಇರ್ಬೇಕು, ಆಗ ಸ್ವರಕ್ಕೆ ಜೀವ ಬರೋದು.” ನನ್ನ ಅಂಗೈಯನ್ನು ಪೆಟ್ಟಿಗೆಯ ಮೇಲಿರಿಸಿದರು. ಒಳಗೆ ಸ್ವರ ಅಲೆಅಲೆಯಾಗಿ ನಡುಗುತ್ತಿತ್ತು. ಆಮೇಲೆ ಎಷ್ಟೋ ದಿನ ನನಗೆ ನಮ್ಮ ಹಾರ್ಮೋನಿಯಂ ಸಪ್ಪೆ ಎನಿಸಿತು.

ಒಂದು ಮಧ್ಯಾಹ್ನ ಅಂಕಲ್ ಕಾಪಿ ಕುಡಿಯಲು ತಿಂಡಿ ಅಂಗಡಿಗಳ ಸಾಲಿರುವ ಹಾಕರ್ ಸೆಂಟರಿಗೆ ಹೋಗಿದ್ದಾಗ ಏಸಿ ಕೆಟ್ಟಿತು. ಬಂದು ಎತ್ತಿ ನೋಡಿದರೆ ಪೆಟ್ಟಿಗೆಯೊಳಗೆ ರೀಡ್‌ಗಳು ಕಟಕಟ ಉರುಳಾಡುತ್ತಿದ್ದವು. ಇದ್ದದ್ದು ಎರಡೇ ದಾರಿ. ಮರೀಸಾ ಅಂಟಿಸಿದ್ದನ್ನು ಹಾಗೆಯೇ ಉಳಿಸಿಕೊಂಡು ಅಕಾರ್ಡಿಯನ್ನನ್ನು ಮೂಕವಾಗಿ ಇಡುವುದು. ಇಲ್ಲವೇ ಅವಳ ಮೇಣವನ್ನೆಲ್ಲ ಕೆರೆದು, ಈ ಸೆಕೆಗೆ ತಡೆಯುವ ಗಟ್ಟಿ ಮೇಣ ಹಾಕುವುದು. ಕೆಲವು ದಿನ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಆಮೇಲೊಂದು ದಿನ ಕರೆದರು. “ಕೆರೆದುಬಿಡೋಣ. ಅವಳು ಒಂದು ದಿನವೂ ಬಾಯಿ ಮುಚ್ಕೊಂಡು ಕೂತವಳಲ್ಲ. ಆದ್ರೆ ನೀನೇ ಮಾಡ್ಬೇಕು ಸುಧಾ. ನಮ್ಮೂರಲ್ಲಿ ಇದು ಹೆಂಗಸರ ಕೆಲಸ.”

“ಗಂಡಸರು ಮಾಡಿದ್ರೆ ಕೈ ಸವೆದುಹೋಗತ್ತಾ ಅಂಕಲ್?”

“ಹಾಗಲ್ಲಮ್ಮ. ನನ್ನ ಕೈಲಿ ಕೆರೆಯೋಕಾಗಲ್ಲ.”

ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಕಂದುಬಣ್ಣಕ್ಕೆ ತಿರುಗಿದ್ದ ಮೇಣವನ್ನು ಸಣ್ಣ ಚಾಕುವಿನಿಂದ ಎಬ್ಬಿಸುತ್ತಾ ಹೋದೆ. ಅವರು ತಿರುಗದೆಯೇ ಕೈ ಹಿಂದೆ ಚಾಚಿದರು. ಒಂದು ಚೂರು ಕೊಟ್ಟೆ. ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದರು. “ಇದು” ಎಂದರು. ಉಗಿಯಲಿಲ್ಲ.

ರಾಳ ಹೆಚ್ಚಿಗೆ ಹಾಕಿ ಹೊಸ ಮೇಣ ಕಾಯಿಸಿದೆವು. ಪುಟ್ಟ ಚಮಚದಲ್ಲಿ ಒಂದೊಂದೇ ರೀಡಿನ ಅಂಚಿಗೆ ನಾನು ಸುರಿದೆ. ಚಮಚ ಎತ್ತಿದಾಗೆಲ್ಲ, “ಉಸಿರು ಬಿಡು, ಆಮೇಲೆ ಸುರಿ” ಎನ್ನುತ್ತಿದ್ದರು. ಶ್ರುತಿ ಸರಿಮಾಡಿ ಅವರು ನುಡಿಸಿದ ಸಂಜೆ ಕೋಣೆಯ ಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು. ಮೊದಲ ಬಾರಿಗೆ ಅವರು ಕಾರಿಡಾರಿನಲ್ಲಿ ಕೂತು ನುಡಿಸಿದರು. ಪಾವ್ಲಾ ಚಪ್ಪಲಿ ಬಿಡುವುದನ್ನೂ ಮರೆತು ಗೋಡೆಗೆ ಒರಗಿದ್ದಳು.

ಕಳೆದ ವರ್ಷ ಪಾವ್ಲಾಗೆ ವರ್ಗವಾಗಿ ಅಪ್ಪ, ಮಗಳು ತಮ್ಮ ದೇಶಕ್ಕೆ ಹೊರಟರು. ಕಟ್ಟಡದ ಕೆಳಗಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಟ್ಯಾಕ್ಸಿ ಕಾಯುತ್ತಿದ್ದಾಗ ಅಂಕಲ್ ಅಕಾರ್ಡಿಯನ್ನಿನ ಮೇಲೆ ಕೈಯಿಟ್ಟು ಹೇಳಿದರು. “ನಿನ್ನ ಮೇಣ ಸೆಕೆಗೆ ಸರಿ. ನಮ್ಮೂರ ಚಳಿಗೆ ಬಿರುಕು ಬಿಡಬಹುದು.”

“ಬಿಟ್ರೆ ಏನಂತೆ ಅಂಕಲ್. ಅಲ್ಲಿ ಕೆಲಸ ಗೊತ್ತಿರೋರು ಇದಾರಲ್ಲ, ಚೇಂಜ್ ಮಾಡಿಸಿ.”

ಅವರು ತಲೆಯಾಡಿಸಿದರು. “ಇಲ್ಲಮ್ಮ. ಇನ್ನೊಂದ್ಸಲ ಕೆರೆಸೋಕೆ ನನ್ನ ಕೈಲಾಗಲ್ಲ.”

ಟ್ಯಾಕ್ಸಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಈಗ ದಿನಾ ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತ ಆಫೀಸಿನ ಬಸ್ಸು ಕಾಯುವಾಗ, ಅವರ ಊರಲ್ಲಿ ಎಷ್ಟು ಚಳಿ ಎಂದು ಫೋನಿನಲ್ಲಿ ನೋಡುತ್ತೇನೆ.